ಬಡತನ ನೋಡಲು ಹೋದ ಅಮಲ್ದಾರರು

ಶೇಕ್ದಾರಿಕೆಗೆ ಹೊಸದಾಗಿ ಸೇರಿದ ಹುಡುಗರು ಈಗಲೂ ನಮ್ಮ ಮನೆಯ ಜಗಲಿಗೆ ಬಂದು ಕೂರುವುದುಂಟು. ಪಿಂಚಣಿ ತಿನ್ನುವ ಮುದುಕನಿಗೆ ಕೆಲಸವಿಲ್ಲ, ಬಾಯಿಗೆ ಬೀಗವೂ ಇಲ್ಲ ಎಂದು ಅವರಿಗೆ ಗೊತ್ತು. ಹೋಬಳಿಯ ಕಂದಾಯ ಹೇಗೆ ಎತ್ತಬೇಕು, ಬೆಳೆ ಅಂದಾಜು ಹೇಗೆ ಹಾಕಬೇಕು, ಪಟೇಲರಿಗೂ ಶಾನುಭೋಗರಿಗೂ ಜಗಳ ಹತ್ತಿದಾಗ ಯಾರ ಕಡೆಗೂ ವಾಲದೆ ಹೇಗೆ ನಿಲ್ಲಬೇಕು ಎಂದೆಲ್ಲ ಕೇಳುತ್ತಾರೆ. ಅದನ್ನು ಕೈಪಿಡಿ ನೋಡಿ ಕಲಿಯಿರಿ ಎನ್ನುತ್ತೇನೆ. ಗುಮಾಸ್ತನಾಗಿದ್ದ ನಾನು ಶೇಕ್ದಾರನಾದದ್ದು ಹೇಗೆ, ಆಮೇಲೆ ಏನೇನಾದೆ ಎಂಬುದರಲ್ಲಿ ಸ್ವಾರಸ್ಯವಿಲ್ಲ. ಸಾಯದೆ ಉಳಿದರೆ ಎಂಥವನಿಗೂ ಬಡ್ತಿ ಸಿಗುತ್ತದೆ. ಆದರೆ ಯಾವ ಕೈಪಿಡಿಯಲ್ಲೂ ಇಲ್ಲದ ಕೆಲಸವೊಂದಿತ್ತು. ಕಾಲೇಜಿಗೆ ಹೋಗಲು ಸರ್ಕಾರದ ಸಹಾಯ ಕೇಳಿದ ಹುಡುಗ ನಿಜವಾಗಿಯೂ ಬಡವನೇ ಎಂದು ಅವನ ಮನೆಗೆ ಹೋಗಿ ನೋಡಿ ಬರುವುದು. ಅದನ್ನು ಮಾತ್ರ ಬರೆದಿಡುತ್ತೇನೆ.

ಆ ಕಾಲದಲ್ಲಿ ನಂಜನಗೂಡಿನವರಿಗಾಗಲಿ ನರಸೀಪುರದವರಿಗಾಗಲಿ ಕಾಲೇಜು ಎಂದರೆ ಮೈಸೂರು. ಹಳ್ಳಿಯ ಹುಡುಗ ಮೆಟ್ರಿಕ್ಯುಲೇಷನ್ ಪಾಸು ಮಾಡಿದನೆಂದರೆ ಊರಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ಸಕ್ಕರೆ ಬಾಯಲ್ಲಿ ಕರಗುವ ಮೊದಲೇ ಮನೆಯವರ ಮುಖ ಬಾಡುತ್ತಿತ್ತು. ಮುಂದಿನ ಎಫ್.ಎ. ತರಗತಿಗೆ ಫೀಸು ಯಾರು ಕಟ್ಟಬೇಕು? ಬಡ ರೈತರ ಮಕ್ಕಳಿಗೆಂದು ಸರ್ಕಾರದ ವಿದ್ಯಾರ್ಥಿವೇತನವಿತ್ತು. ಅರ್ಜಿ ತಾಲ್ಲೂಕು ಕಚೇರಿಗೆ ಬರಬೇಕು, ತಾಲ್ಲೂಕಿನ ಮುಖ್ಯಸ್ಥರಾದ ಅಮಲ್ದಾರರು ಹೋಬಳಿಯ ಶೇಕ್ದಾರನನ್ನು ಕೇಳಬೇಕು, ಶೇಕ್ದಾರ ಮನೆ ನೋಡಿ ವರದಿ ಕೊಡಬೇಕು. ನನಗಿಂತ ಹಿಂದಿನ ಶೇಕ್ದಾರರೊಬ್ಬರು ಒಬ್ಬ ಹುಡುಗನ ಬಗ್ಗೆ 'ಬಡವನೇ ಸರಿ, ಆದರೆ ದಪ್ಪಗಿದ್ದಾನೆ' ಎಂದು ಬರೆದುಬಿಟ್ಟಿದ್ದರು. ಮೇಲಿನವರು ಆ 'ಆದರೆ'ಯನ್ನು ಹಿಡಿದುಕೊಂಡು ವೇತನ ನಿಲ್ಲಿಸಿದರು. ಹುಡುಗ ದಪ್ಪಗಿದ್ದದ್ದು ಅವನ ಸೋದರಮಾವನ ಮನೆಯ ಹಲಸಿನ ಹಣ್ಣಿನಿಂದ ಎಂದು ತಿಳಿಸಿ ಮತ್ತೆ ಮಂಜೂರು ಮಾಡಿಸುವಷ್ಟರಲ್ಲಿ ಅವನು ಸೊರಗಿಹೋಗಿದ್ದ.

ಫೀಸು ಒಂದು ತೀರಿದರೆ ಓದು ಸಾಗಿದಂತೆ ಎಂದು ಈಗಿನವರು ತಿಳಿದಿದ್ದೀರಿ. ಹೊಟ್ಟೆಗೇನು? ಬ್ರಾಹ್ಮಣರ ಹುಡುಗರು ವಾರಾನ್ನ ಹಿಡಿಯುತ್ತಿದ್ದರು. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ, ಹೀಗೆ ವಾರ ತುಂಬಿಸುವುದು. ಯಾವುದೋ ಒಂದು ವಾರಕ್ಕೆ ಮನೆ ಸಿಗದಿದ್ದವನು ಆ ದಿನ ಏಕಾದಶಿ ಎಂದುಕೊಳ್ಳುತ್ತಿದ್ದ. ಲಿಂಗಾಯತರ ಮಕ್ಕಳಿಗೆ ಮಠದ ಪ್ರಸಾದವಿತ್ತು. ಉಳಿದ ಒಕ್ಕಲು ಮಕ್ಕಳಿಗೆ ಮೈಸೂರಿನಲ್ಲಿ ನೆಂಟರಿದ್ದರೆ ಉಂಟು, ಇಲ್ಲದಿದ್ದರೆ ಛತ್ರದ ಮೂಲೆಯಲ್ಲಿ ತಾವೇ ಮುದ್ದೆ ತಿರುವಿಕೊಳ್ಳಬೇಕು. ಇದರ ಮೇಲೆ ಕಾಲೇಜಿಗೆ ಕೋಟು, ರುಮಾಲು ಬೇಕು. ಹದಿನಾರು ಎಂಬ ಊರಿನ ಇಬ್ಬರು ಹುಡುಗರು ಒಂದೇ ಕೋಟಿನಲ್ಲಿ ಓದಿದರು. ಒಬ್ಬನ ಪಾಠ ಮುಗಿಯುವವರೆಗೆ ಇನ್ನೊಬ್ಬ ಮರದ ಕೆಳಗೆ ಕಾಯುತ್ತಿದ್ದ. ಒಬ್ಬ ಉದ್ದ, ಒಬ್ಬ ಗಿಡ್ಡ. ಕೋಟು ಇಬ್ಬರಿಗೂ ಸರಿಯಾಗುತ್ತಿರಲಿಲ್ಲವಾದ್ದರಿಂದ ಅದು ಯಾರದೆಂದು ಜಗಳವೂ ಬರಲಿಲ್ಲ.

ನನ್ನ ಮೇಲಧಿಕಾರಿಗಳಲ್ಲಿ ನಾನು ಹೆಚ್ಚು ಬೈಸಿಕೊಂಡದ್ದೂ ಈಗ ಹೆಚ್ಚು ನೆನೆಯುವುದೂ ಒಬ್ಬರನ್ನೇ. ಅಮಲ್ದಾರರು ಎಂದಷ್ಟೇ ಕರೆಯುತ್ತೇನೆ. ಕಡ್ಡಿಯಂಥ ಆಳು, ಸಿಡುಕು ಮೂತಿ. ಬಿಸಿಲಿರಲಿ ಮೋಡವಿರಲಿ ಕೊಡೆ ಬಿಚ್ಚಿಯೇ ನಡೆಯುವವರು. ಎತ್ತು ಕಂಡರೆ ಹೆದರಿಕೆ, ಆದರೂ ಎತ್ತಿನ ಗಾಡಿಯಲ್ಲೇ ತಿರುಗಬೇಕಾದ ಹಣೆಬರಹ. ಹಳ್ಳಿಗೆ ಹೋದರೆ ಹಾಲು ಹಣ್ಣು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ, ಅದೂ ಬಲವಂತಕ್ಕೆ. ಅವರು ಬಂದ ಮೇಲೆ ಕೆಲಸದ ಕ್ರಮವೇ ಬದಲಾಯಿತು. ಶೇಕ್ದಾರನ ವರದಿ ಅವರಿಗೆ ಸಾಲದು.

"ಕಣ್ಣು ಕಾಣದ್ದಕ್ಕೆ ಕೈ ರುಜು ಹಾಕೋದಿಲ್ಲ ಕಣ್ರೀ. ನಡೀರಿ, ನಾನೇ ಬರ್ತೀನಿ" ಎನ್ನುತ್ತಿದ್ದರು.

ನಾವಿಬ್ಬರೂ ಮೊದಲು ನರಸೀಪುರದಲ್ಲಿದ್ದೆವು. ಮುಡುಕುತೊರೆ ಕಡೆಯ ಸಾಹುಕಾರನೊಬ್ಬ ತನ್ನ ಮನೆಯಲ್ಲೇ ಇದ್ದ ಅಳಿಯನಿಗೆ ಬಡವರ ವೇತನ ಬೇಕೆಂದು ಅರ್ಜಿ ಹಾಕಿಸಿದ. ಅಮಲ್ದಾರರು ನನ್ನನ್ನು ಕರೆದುಕೊಂಡು ಹೋದರು. ಹೋಗಿ ನೋಡಿದರೆ ಆ ದೊಡ್ಡ ಮನೆ ಭಣಭಣ ಎನ್ನುತ್ತಿದೆ. ಸಾಹುಕಾರ ಹರಕು ಕಂಬಳಿ ಹೊದ್ದು ಕಂಬಕ್ಕೆ ಒರಗಿ ಕೂತಿದ್ದ. ಮುಂದೆ ಮಣ್ಣಿನ ಬೋಗುಣಿಯಲ್ಲಿ ಅಂಬಲಿ.

"ಏನ್ ಯೋಳಾನ ಬುದ್ದಿ, ಇದ್ದ ಒಂದ್ ಅಸೂನೂ ಓದ್ ವರ್ಸ ಓಯ್ತು. ಕೊಟ್ಗೇಲಿ ಗೂಟ ಅಷ್ಟೇ ಅದೆ" ಎಂದು ಕಣ್ಣೊರೆಸಿಕೊಂಡ.

ಅಮಲ್ದಾರರ ಮನಸ್ಸು ಕರಗಿತು. ನಿಜ ಹೇಳಬೇಕೆಂದರೆ ನನ್ನದೂ ಕರಗಿತು, ಅಷ್ಟು ಚೆನ್ನಾಗಿ ಅತ್ತ. ಅವರು ಲೇಖನಿ ತೆಗೆದರು. ಹೊತ್ತು ಇಳಿಯುತ್ತಿತ್ತು. ಹೊಳೆ ಕಡೆಯಿಂದ ಗಂಟೆ ಸದ್ದು ಕೇಳಿಸಿತು, ಆಮೇಲೆ ಧೂಳು ಎದ್ದಿತು. ನೋಡುತ್ತಿದ್ದಂತೆ ಹಿಂಡು ದನ ನುಗ್ಗಿ ಬಂದು ಅಂಗಳ ತುಂಬಿತು. ನಾವು ಹೊರಟುಹೋಗುವವರೆಗೆ ದನವನ್ನು ಹೊಳೆದಂಡೆಯಲ್ಲೇ ತಡೆದಿಟ್ಟುಕೊಂಡಿರು ಎಂದು ಆಳಿಗೆ ಹೇಳಿದ್ದರಂತೆ; ಆಳು ಹೊಂಗೆ ನೆರಳಲ್ಲಿ ನಿದ್ದೆ ಹೋಗಿದ್ದ. ದನ ತಮ್ಮ ಹೊತ್ತಿಗೆ ತಾವು ಮನೆಗೆ ಬಂದವು. ಮುಂದಿನ ಹೋರಿ ನೇರ ಸಾಹುಕಾರನ ಹತ್ತಿರ ಹೋಗಿ, ದಿನವೂ ಬೆಲ್ಲ ತಿಂದ ಅಭ್ಯಾಸ, ಅವನ ಕಂಬಳಿಯೊಳಗೆ ಮೂತಿ ತೂರಿಸಿತು.

ಅಮಲ್ದಾರರು ಲೇಖನಿಯನ್ನು ಜೇಬಿಗೆ ಇಟ್ಟುಕೊಂಡು ಗಾಡಿ ಹತ್ತಿದರು. ಊರು ದಾಟಿದ ಮೇಲೆ ಬಾಯಿ ಬಿಟ್ಟರು.

"ದನಕ್ಕೆ ಸುಳ್ಳು ಬರೋದಿಲ್ಲ ಕಣ್ರೀ ಶೇಕ್ದಾರ್ರೇ. ಮನುಷ್ಯನ್ನ ನಂಬಬೇಡಿ, ಕೊಟ್ಟಿಗೆ ನೋಡಿ. ಇರೋದನ್ನ ಇಲ್ಲ ಅನ್ನೋರು ಊರೆಲ್ಲ ಇದ್ದಾರೆ. ಇಲ್ಲದ್ದನ್ನ ಇದೆ ಅಂತ ಅಮಲ್ದಾರನಿಗೆ ತೋರಿಸೋ ಹುಚ್ಚ ಇನ್ನೂ ಹುಟ್ಟಿಲ್ಲ."

ನಾನೂ ಹೌದೆಂದೆ. ಕಂದಾಯದವರು ನಾವು. ನಮ್ಮ ತಲೆ ಕಂಡರೆ ಜನ ಕೋಳಿಯನ್ನೂ ಬುಟ್ಟಿ ಮುಚ್ಚಿ ಇಡುತ್ತಿದ್ದರು. ಆ ಮಾತು ನನಗೆ ವೇದವಾಕ್ಯದಂತೆಯೇ ಕೇಳಿಸಿತು.

ಆಮೇಲೆ ಇಬ್ಬರಿಗೂ ನಂಜನಗೂಡಿಗೆ ವರ್ಗವಾಯಿತು. ಅಲ್ಲಿ ನಂಜಪ್ಪನ ಅರ್ಜಿ ಬಂತು.

ಹೆಡತಲೆಯಿಂದ ಆಚೆ ಒಂದು ಹಳ್ಳಿ. ಹೆಸರು ಬರೆದರೆ ಆ ಊರಿನವರು ನನ್ನ ಮೇಲೆ ಜಗಳಕ್ಕೆ ಬಂದಾರು, ಬಿಡಿ. ನಂಜಪ್ಪ ಆ ಊರಿನಿಂದ ಮೆಟ್ರಿಕ್ಯುಲೇಷನ್ ಪಾಸಾದ ಮೊದಲ ಹುಡುಗ. ತಂದೆ ಚಿಕ್ಕಂದಿನಲ್ಲೇ ತೀರಿಹೋಗಿದ್ದ. ತಾಯಿ ಸಿದ್ದಮ್ಮ ಕಂಡವರ ಹೊಲದಲ್ಲಿ ಕಳೆ ಕೀಳುತ್ತ, ಭತ್ತ ಕುಟ್ಟುತ್ತ ಮಗನನ್ನು ಸಾಕಿದ್ದಳು. ಹುಡುಗ ಮೈಸೂರಿನಲ್ಲಿ ಒಬ್ಬ ವಕೀಲರ ಮನೆಯ ನೀರು ಸೇದಿ, ಕಾಗದ ಪತ್ರ ಹೊತ್ತು, ಅಲ್ಲೇ ಉಂಡು ಹೈಸ್ಕೂಲು ಮುಗಿಸಿದ್ದ. ಅರ್ಜಿ ಕೊಡಲು ರೈಲಿನಲ್ಲಿ ನಂಜನಗೂಡಿಗೆ ತಾನೇ ಬಂದ. ಮುತ್ತು ಪೋಣಿಸಿದಂಥ ಇಂಗ್ಲಿಷು ಬರಹ. ತಂದೆಯಿಲ್ಲ, ಜಮೀನಿಲ್ಲ, ತಾಯಿ ಕೂಲಿ ಮಾಡುತ್ತಾಳೆ, ನಮ್ಮ ಮನೆಯಲ್ಲಿ ಸಂಜೆಯ ಒಲೆ ದಿನವೂ ಹೊತ್ತುವುದಿಲ್ಲ ಎಂದು ಕೈಯಾರೆ ಬರೆದಿದ್ದ.

"ಕಾಲೇಜಲ್ಲಿ ಹೆಸರು ಬರ್ಕೊಂಡವ್ರೆ ಸಾ. ವೇತನ ಮಂಜೂರಾಗ್ದಿದ್ರೆ ಈ ತಿಂಗ್ಳೇ ಹೊಡ್ದಾಕ್ತಾರೆ. ಆಮೇಲೆ ವಕೀಲ್ರ ಹತ್ರ ನಕಲು ಬರಿಯೋಕೆ ಕೂತ್ಕೋಬೇಕು, ಅಷ್ಟೇ" ಎಂದ.

ಅವನ ಮಾತಿನಲ್ಲಿ ಗೋಳಾಟವಿರಲಿಲ್ಲ. ವಕೀಲರ ಮನೆಯ ಮೂಲೆಯಲ್ಲಿ ಬೆನ್ನು ಬಾಗಿಸಿ ನಕಲು ಬರೆಯುತ್ತಲೇ ನರೆತವರನ್ನು ನಾನು ಬೇಕಾದಷ್ಟು ಕಂಡಿದ್ದೆ. ಹುಡುಗನ ಕೆಲಸ ಬೇಗ ಆಗಲಿ ಎಂದು ಅರ್ಜಿಯನ್ನು ಆವತ್ತೇ ಅಮಲ್ದಾರರ ಮುಂದಿಟ್ಟೆ. ಜಮಾಬಂದಿಗೆಂದು, ಅಂದರೆ ರೈತರ ಕಂದಾಯದ ತಕರಾರು ಕೇಳಿ ತೀರ್ಮಾನಿಸಲೆಂದು, ಅವರು ಹೆಡತಲೆಯಲ್ಲಿ ಮೊಕ್ಕಾಂ ಮಾಡುವವರಿದ್ದರು. ಆಗಲೇ ಹೋಗಿ ನೋಡಿಬಿಡೋಣ ಎಂದರು. ನಂಜಪ್ಪನ ವೇತನದ ವಿಷಯವಾಗಿ ಅಮಲ್ದಾರರು ಮನೆಗೆ ಬರುತ್ತಾರೆಂದು ತಳವಾರನ ಕೈಯಲ್ಲಿ ಹೇಳಿಕಳಿಸಿದೆ.

ಆ ಮನೆಯನ್ನು ನಾನು ಬಲ್ಲೆ. ಹಿಂದೊಂದು ಸಲ ಹೋಗಿದ್ದಾಗ ಕೂರಲು ಹಾಕಿದ್ದ ಚಾಪೆಯಲ್ಲಿ ಚಾಪೆಗಿಂತ ತೂತೇ ಹೆಚ್ಚಾಗಿತ್ತು. ಈ ಸಲ ಗಾಡಿ ಇಳಿದು ನೋಡುತ್ತೇನೆ, ಬಾಗಿಲಿಗೆ ಮಾವಿನ ತೋರಣ. ಸಾರಿಸಿದ ಅಂಗಳದಲ್ಲಿ ಒಂದು ಕೊಬ್ಬಿದ ಎಮ್ಮೆ, ಪಕ್ಕದಲ್ಲಿ ಕರು. ಒಳಗೆ ಜಮಖಾನ, ಕೈಯಿರುವ ಕುರ್ಚಿ. ಗೋಡೆಯುದ್ದಕ್ಕೂ ಹುಣಿಸೆಹಣ್ಣಿನಲ್ಲಿ ತಿಕ್ಕಿ ಬೆಳಗಿದ ಹಿತ್ತಾಳೆ ಹಂಡೆ, ಕೊಳಗ. ಮೂಲೆಯಲ್ಲಿ ಭತ್ತದ ಮೂಟೆಗಳು. ಇವೆಲ್ಲದರ ನಡುವೆ ಸಿದ್ದಮ್ಮ ರೇಷ್ಮೆ ಸೀರೆ ಉಟ್ಟು, ಕೊರಳಿಗೆ ಚಿನ್ನದ ಅಡ್ಡಿಕೆ ಹಾಕಿಕೊಂಡು, ಹಾಲಿನ ಲೋಟ ಹಿಡಿದು ನಿಂತಿದ್ದಾಳೆ. ಹಿಂದೆ ಪಟೇಲ ಬಸವೇಗೌಡ ಮದುವೆ ಗಂಡಿನ ತಂದೆಯ ಹಾಗೆ ಮೀಸೆ ನೀವಿಕೊಳ್ಳುತ್ತಿದ್ದಾನೆ.

"ಹೇಗಿದ್ದೀಯಮ್ಮ?" ಎಂದರು ಅಮಲ್ದಾರರು.

"ಏನೂ ಕಮ್ಮಿ ಇಲ್ಲ ಸಾ. ನಂಜುಂಡಪ್ಪ ದೇವ್ರು ಮಡಗಿದಂಗೆ ಅಚ್ಕಟ್ಟಾಗಿವ್ನಿ."

"ಎಮ್ಮೆ ಹಾಲು ಕೊಡುತ್ತೋ?"

"ಮನೆಗಾಗಿ ಮಿಕ್ತದೆ ಸಾ."

"ಮಗನ್ನ ಓದಿಸೋದು ಕಷ್ಟ ಅಂತ ಕೇಳಿದೆ."

ಸಿದ್ದಮ್ಮ ತಲೆ ತಗ್ಗಿಸಿದಳು. ಬಂದವರಿಗೆ ಹಾಲು ಕೊಡುವ ಕೈಯಲ್ಲಿ ಕಷ್ಟ ಹೇಳಿಕೊಳ್ಳಬಾರದು ಎಂಬುದು ಆ ಕಡೆಯ ಮಾತು. ಪಟೇಲ ಮುಂದೆ ಬಂದ.

"ಕಷ್ಟ ಎಲ್ಲೀದು ಸಾ! ನಮ್ಮೂರ್ಗೇ ಒಳ್ಳೆ ಮನೆ ಇದು."

ನಾನು ಕೆಮ್ಮಿದೆ. ಕಣ್ಣು ಮಿಟುಕಿಸಿದೆ. ಮತ್ತೆ ಕೆಮ್ಮಿದೆ. ಪಟೇಲ ನನಗೆ ನೀರು ತರಿಸಿಕೊಟ್ಟ.

ಅಮಲ್ದಾರರು ಒಂದು ರಸಬಾಳೆ ಹಣ್ಣು ತಿಂದು, ಹಾಲು ಕುಡಿದು, ಕೊಡೆ ಬಿಚ್ಚಿಕೊಂಡು ಹೊರಟರು. ಗಾಡಿಯಲ್ಲಿ ಅವರ ಮುಖ ಇಂಗು ತಿಂದ ಮಂಗನಂತಿತ್ತು.

"ಸಂಜೆ ಒಲೆ ಹೊತ್ತಲ್ಲ ಅಂತ ಬರೆದಿದ್ದಾನಲ್ರೀ ಆ ಹುಡುಗ! ಅಷ್ಟು ಚಂದದ ಅಕ್ಷರದಲ್ಲಿ ಅಂಥಾ ಸುಳ್ಳು!"

"ಸ್ವಾಮಿ, ಅಲ್ಲಿದ್ದದ್ದು ಒಂದೂ ಆಕೆಯದಲ್ಲ. ನಾನು ಹಿಂದೆ ನೋಡಿದಾಗ ಆ ಎಮ್ಮೆ ಇರಲಿಲ್ಲ" ಎಂದೆ.

"ಆಗ ಇರಲಿಲ್ಲ, ಈಗ ಕೊಂಡಿದ್ದಾರೆ. ನಿಮಗೆ ಆ ಹುಡುಗನ ಮೇಲೆ ಕರುಳು, ಅದಕ್ಕೆ ಹೀಗಂತೀರಿ. ಇಲ್ಲದ ಸಿರಿ ನನಗೆ ತೋರಿಸಿ ಅವರಿಗೇನ್ರೀ ಲಾಭ? ಹೇಳಿ ನೋಡೋಣ."

ಲಾಭವೇನೆಂದು ನನಗೂ ತಿಳಿದಿರಲಿಲ್ಲ. ಮೊಕ್ಕಾಂ ಮುಗಿದ ಕೂಡಲೇ ಅರ್ಜಿಯನ್ನು ತಿರಸ್ಕರಿಸಿ ಮೈಸೂರಿಗೆ ಕಳಿಸುತ್ತೇನೆ ಎಂದರು. ನಾನು ಹೆಡತಲೆಯಲ್ಲಿ ಅವರನ್ನು ಇಳಿಸಿ, ಬಿಸಿಲಲ್ಲೇ ಆ ಹಳ್ಳಿಗೆ ವಾಪಸು ನಡೆದೆ. ಪಟೇಲ ತನ್ನ ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದ.

"ಏನ್ರೀ ಮಾಡಿದಿರಿ ಗೌಡರೇ?" ಎಂದು ರೇಗಿದೆ.

"ಯಾಕ್ ಸಾ? ಏನಾರ ಕಮ್ಮಿ ಆಯ್ತಾ? ಬೆಳ್ಳಿ ತಟ್ಟೇನೂ ಮಡಗ್ಬೇಕಾಗಿತ್ತಾ?"

ಆಗ ಅವನು ಬಿಡಿಸಿ ಹೇಳಿದ. ಆ ಕಡೆ ಗಂಡಿನ ಮನೆ ನೋಡಲು ಹೆಣ್ಣಿನವರು ಬರುತ್ತಾರೆಂದರೆ ಆ ಮನೆ ಒಬ್ಬರದಲ್ಲ, ಇಡೀ ಊರಿನದು. ಎಮ್ಮೆ ಇದ್ದವರು ಎಮ್ಮೆ ತಂದು ಕಟ್ಟುತ್ತಾರೆ, ಹಂಡೆ ಇದ್ದವರು ಹಂಡೆ ತಂದಿಡುತ್ತಾರೆ. ನೋಡಲು ಬಂದವರಿಗೂ ಇದು ಗೊತ್ತು. ಅವರ ಊರಿನಲ್ಲೂ ಹೀಗೇ. ಇಷ್ಟು ಕೊಟ್ಟು ನಿಲ್ಲುವ ಜನ ಇವರ ಬೆನ್ನಿಗಿದ್ದಾರಲ್ಲ ಎಂದು ನೋಡಿಕೊಂಡು ಹೆಣ್ಣು ಕೊಡುತ್ತಾರೆ. ಬಂದವರು ಸೀಮೆ ದಾಟುವವರೆಗೆ ಯಾರೂ ಸಾಮಾನು ವಾಪಸು ಒಯ್ಯುವುದಿಲ್ಲ. ಯಾರೂ ಯಾವತ್ತೂ ಬಾಯಿ ಬಿಡುವುದಿಲ್ಲ.

"ಬರೀ ಮನೆಗೆ ಯಾರ್ ಕೊಟ್ಟಾರು ಸಾ? ಎಣ್ಣೂ ಕೊಡಾಕಿಲ್ಲ, ದುಡ್ಡೂ ಕೊಡಾಕಿಲ್ಲ. ಸರ್ಕಾರ ನಮ್ ನಂಜಪ್ಪಂಗೆ ಕೊಡೋಕ್ ಮುಂದೆ ಮನೆ ನೋಡಾಕ್ ಬತ್ತದೆ ಅಂದ್ರೆ ಅಂಗೇ ಬುಟ್ಬುಡಾನಾ?"

ಅವನ ತರ್ಕದಲ್ಲಿ ತಪ್ಪು ಹುಡುಕಿ ನೋಡಿ. ನನಗಂತೂ ಇವತ್ತಿಗೂ ಸಿಕ್ಕಿಲ್ಲ. ಈ ವೇತನ ಬಡವರಿಗೆ ಮಾತ್ರ, ಮನೆ ತುಂಬಿದ್ದರೆ ಇಲ್ಲ, ಹುಡುಗನ ಹೆಸರು ಹೊಡೆದುಹಾಕುತ್ತಾರೆ ಎಂದು ತಿಳಿಸಿದೆ. ಪಟೇಲ ರುಮಾಲು ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಇಲ್ದೋರ್ಗೆ ಕೊಡ್ತಾರಾ? ಅದ್ಯಾವ್ ಸೀಮೆ ಕಾನೂನು ಸಾ?" ಎಂದ. ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ, "ಕೂಸಿನ್ ಬಾಯಿಗ್ ನಾವೇ ಮಣ್ಣಾಕ್ಬುಟ್ವಲ್ಲ" ಎಂದ. ಅವನ ಕಣ್ಣು ತುಂಬ ನೀರಿತ್ತು.

ಇಬ್ಬರೂ ಸಿದ್ದಮ್ಮನ ಮನೆಗೆ ಹೋದೆವು. ಅಮಲ್ದಾರರ ಹತ್ತಿರ ಬಂದು, ಇವೆಲ್ಲ ನನ್ನವಲ್ಲ, ನಾನು ಬಡವಳು ಎಂದು ಒಂದು ಮಾತು ಹೇಳು ಎಂದೆ. ಆಕೆ ಆಗಲಾರದು ಎಂದಳು.

"ಮನೆ ನೋಡಾಕ್ ಬಂದೋರ್ಗೆ, ನಾನ್ ತೋರ್ಸಿದ್ ಸುಳ್ಳು ಅಂತ ನಾನೇ ಯೋಳಾದಾ? ನಾಳೀಕೆ ನನ್ ಮಗುಂಗೆ ಎಣ್ ಕೊಡೋರು ಯಾರು? ಊರೋರು ಮಾನ ಕೊಟ್ಟವ್ರೆ, ಅದ್ನ ಬೀದೀಗ್ ಎಸೀನಾ?"

ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಮಾನ ದೊಡ್ಡದೋ, ಮಗನ ಓದು ದೊಡ್ಡದೋ?" ಎಂದು ಗದರಿದೆ.

"ಎಲ್ಡೂ ಅವುಂದೇ ಅಲ್ವಾ ಸಾ" ಎಂದಳು.

ಹೊರಗೆ ಬಂದು ಪಟೇಲ ಎಮ್ಮೆಯ ಮೈದಡವುತ್ತ ನಿಂತ. ಅಮಲ್ದಾರರು ಏನು ಹೇಳಿದರೆ ನಂಬುತ್ತಾರೆ ಎಂದು ಕೇಳಿದ. ಮನುಷ್ಯರು ಹೇಳಿದ್ದನ್ನು ನಂಬುವುದಿಲ್ಲ, ದನವನ್ನು ಮಾತ್ರ ನಂಬುತ್ತಾರೆ ಎಂದು ಬೇಸರಕ್ಕೆ ಅಂದೆ. ಪಟೇಲ ನನ್ನ ಮುಖವನ್ನೇ ನೋಡಿದ. ಆಮೇಲೆ ರುಮಾಲು ಸುತ್ತಿಕೊಂಡ.

ಮಾರನೆಯ ದಿನ ಹೆಡತಲೆಯ ಚಾವಡಿಯಲ್ಲಿ ಜಮಾಬಂದಿ ನಡೆಯುತ್ತಿತ್ತು. ರೈತರ ಸರದಿಯಲ್ಲಿ ಬಸವೇಗೌಡನೂ ಬಂದು ಕೈಮುಗಿದು ನಿಂತ.

"ನಂದೊಂದ್ ಎಮ್ಮೆ ತಗಾದೆ ಅದೆ ಸಾ. ಸಿದ್ದಮ್ಮನ ಅಂಗ್ಳದಲ್ಲಿ ಕಟ್ಟಿರೋ ಎಮ್ಮೆ ನಂದು."

ಅಮಲ್ದಾರರು ಕನ್ನಡಕದ ಮೇಲಿಂದ ನನ್ನ ಕಡೆ ನೋಡಿದರು. ನಾನು ಚಾವಡಿಯ ಸೂರಿನ ಹೆಂಚು ನೋಡುತ್ತಿದ್ದೆ.

ದನದ ತಗಾದೆಗೆ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ತೀರ್ಪು ಒಂದೇ. ಸಾಕ್ಷಿ ಬೇಡ, ಆಣೆ ಪ್ರಮಾಣ ಬೇಡ. ಹಗ್ಗ ಬಿಚ್ಚಿ ಬಿಟ್ಟರೆ ದನ ಯಾವ ಕೊಟ್ಟಿಗೆಗೆ ಹೋಗುತ್ತದೋ ಅವರದು. ಆ ಕ್ರಮ ಅಮಲ್ದಾರರಿಗೂ ಗೊತ್ತು, ಅದನ್ನು ಅವರು ಬಿಡುವಂತೆಯೂ ಇಲ್ಲ. ಹಣೆ ಒರೆಸಿಕೊಂಡು ಗಾಡಿ ಕಟ್ಟಲು ಹೇಳಿದರು.

ಅವರು ಇನ್ನೂ ಹೋಬಳಿ ಬಿಟ್ಟು ಹೋಗಿರಲಿಲ್ಲವಾದ್ದರಿಂದ ಸಾಮಾನೆಲ್ಲ ಇಟ್ಟಲ್ಲೇ ಇತ್ತು. ಎಮ್ಮೆಯ ಮಾತು ಕೇಳಿ ಸಿದ್ದಮ್ಮ ಗಾಬರಿಯಾದಳು.

"ಗೌಡ್ರು ತಪ್ ತಿಳ್ಕಂಡವ್ರೆ ಸಾ. ಎಮ್ಮೆ ನಂದೇಯ" ಎಂದಳು. ಪಟೇಲನ ಕಡೆ ತಿರುಗಿ, "ಏನ್ ಗೌಡ್ರೇ, ನೀವಾದ್ರೂ ಇಂಗ್ ಮಾಡಬೋದಾ?" ಎಂದಳು. ಪಟೇಲ ನೆಲ ನೋಡುತ್ತ ನಿಂತ.

"ಬಿಚ್ರೀ ಹಗ್ಗ" ಎಂದರು ಅಮಲ್ದಾರರು, ನಾಲ್ಕು ಹೆಜ್ಜೆ ಹಿಂದೆ ಸರಿದು.

ಎಮ್ಮೆ ಹೊರಡಲಿಲ್ಲ. ಕತ್ತೆತ್ತಿ ಎಲ್ಲರನ್ನೂ ಒಂದು ಸುತ್ತು ನೋಡಿತು. ನೇರ ಸಿದ್ದಮ್ಮನ ಬಾಗಿಲಿಗೆ ಹೋಯಿತು. ಬಾಗಿಲ ತೋರಣದ ಮಾವಿನೆಲೆಗೆ ಬಾಯಿ ಹಾಕಿ ಜಗಿಯುತ್ತ ನಿಂತಿತು. ಸಿದ್ದಮ್ಮನ ಮುಖ ಅರಳಿತು, ಪಟೇಲನ ಮುಖ ಬಿಳಿಚಿತು. ಅಮಲ್ದಾರರು ಗಾಡಿಯ ಕಡೆಗೆ ತಿರುಗಿದರು. ಅಷ್ಟರಲ್ಲಿ ತೋರಣ ಮುಗಿಯಿತು. ಎಮ್ಮೆ ಬಾಲ ಬೀಸಿಕೊಂಡು, ಕರುವನ್ನು ಹಿಂದೆ ಹಾಕಿಕೊಂಡು, ಬೀದಿಯ ನಡುವೆ ನಿಧಾನವಾಗಿ ನಡೆದುಹೋಗಿ ಪಟೇಲನ ಕೊಟ್ಟಿಗೆಯಲ್ಲಿ ತನ್ನ ಗೂಟದ ಹತ್ತಿರ ಮಲಗಿತು.

ಯಾರೂ ನಗಲಿಲ್ಲ. ಎದುರುಮನೆಯ ಮುದುಕಿಯೊಬ್ಬಳು ಬಂದು, "ಅಂಗಾರೆ ನನ್ ಅಂಡೇನೂ ಒಯ್ತೀನಿ ಕಣವ್ವ, ನೀರ್ ಕಾಯಿಸ್ಬೇಕು" ಎಂದು ಮೆಲ್ಲಗೆ ಹೇಳಿ ಹಂಡೆ ಎತ್ತಿಕೊಂಡಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಕೊಳಗ ಹೋಯಿತು. ಭತ್ತದ ಮೂಟೆಗಳು ಹೆಗಲೇರಿ ಹೋದವು. ಜಮಖಾನ ಸುತ್ತಿಕೊಂಡು ಹೋದರು. ಸಿದ್ದಮ್ಮ ತಾನೇ ಅಡ್ಡಿಕೆ ಬಿಚ್ಚಿ ಪಟೇಲನ ಹೆಂಡತಿಯ ಕೈಗೆ ಕೊಟ್ಟಳು. ಪಟೇಲನ ಹೆಂಡತಿ ಅದನ್ನು ತೆಗೆದುಕೊಳ್ಳುತ್ತ ಅತ್ತಳು, ಸಿದ್ದಮ್ಮ ಅಳಲಿಲ್ಲ. ಕೊನೆಗೆ ಕುರ್ಚಿಯೂ ಹೋಯಿತು. ಅಮಲ್ದಾರರು ಒಳಗೆ ಹೋಗಿ ನೋಡಿದರು. ಒಂದು ಒರಳು, ಎರಡು ಮಡಕೆ, ಆ ತೂತು ಚಾಪೆ. ಒಲೆಯಲ್ಲಿ ಬೂದಿ ಮಾತ್ರ ಇತ್ತು. ಅವರು ಹೊರಗೆ ಬಂದಾಗ ಕೊಡೆ ಬಿಚ್ಚುವುದನ್ನು ಮರೆತು ಬಿಸಿಲಿನಲ್ಲೇ ನಿಂತರು.

ಈಗ ಈ ಕೆಲಸಕ್ಕೆ ಅಚ್ಚು ಹಾಕಿದ ಕಾಗದ ಬಂದಿದೆ. ಜಮೀನು ಎಷ್ಟು, ಆದಾಯ ಎಷ್ಟು ಎಂದು ಗೆರೆ ಎಳೆದ ಜಾಗದಲ್ಲಿ ತುಂಬಿಸಿ ಕಳಿಸಿದರೆ ಆಯಿತು, ಯಾರ ಮನೆಗೂ ಹೋಗಬೇಕಾಗಿಲ್ಲ. ಒಳ್ಳೆಯದೇ, ನನ್ನ ಹಾಗೆ ನೀವು ಬಿಸಿಲಲ್ಲಿ ತಿರುಗಬೇಡಿ. ಆದರೆ ಬಡವ ಎಂದು ಬರೆದುಕೊಡು ಎಂದು ಒಬ್ಬರನ್ನು ಕೇಳುವಾಗ ಏನು ಕೇಳುತ್ತಿದ್ದೇವೆ ಎಂಬುದು ನಿಮ್ಮ ತಲೆಯಲ್ಲಿರಲಿ. ಅಷ್ಟು ತಿಳಿಯದವನು ಕಂದಾಯ ಮಾತ್ರ ವಸೂಲು ಮಾಡಿಕೊಂಡಿರುವುದು ಮೇಲು.

ಆವತ್ತು ಅಮಲ್ದಾರರು ಸಿದ್ದಮ್ಮನ ಜಗಲಿಯ ಬರೀ ನೆಲದ ಮೇಲೆ ಕೂತರು. ಮಂಡಿಯ ಮೇಲೆ ಕಾಗದ ಇಟ್ಟುಕೊಂಡು, ಅದುವರೆಗೂ ನಾನು ಅವರ ಬಾಯಲ್ಲಿ ಕೇಳಿರದ ಮೆದು ದನಿಯಲ್ಲಿ ಹೇಳಿದರು.

"ನೋಡು ತಾಯಿ, ನಾನು ಬಡವಳು ಅಂತ ಒಂದು ಮಾತು ಹೇಳಿಬಿಡು. ಬರಕೊಳ್ತೀನಿ."

"ಆ ಮಾತು ನನ್ ಬಾಯಲ್ಲಿ ಬರಾಕಿಲ್ಲ ಸಾ. ನೆನ್ನೆ ನೋಡಿದ್ದು ನಮ್ಮೂರ ಬದ್ಕು. ಇವತ್ತು ನೋಡ್ತಿರಾದು ನನ್ ಬದ್ಕು. ನೀವೇ ಏನ್ ಬೇಕೋ ಬರ್ಕಳಿ."

ಅವರು ಮತ್ತೆ ಒತ್ತಾಯಿಸಲಿಲ್ಲ. 'ಬಡವರು. ಕಣ್ಣಾರೆ ಕಂಡಿದ್ದೇನೆ' ಎಂದು ಬರೆದು ರುಜು ಹಾಕಿದರು. ವೇತನ ಮಂಜೂರಾಯಿತು. ನಂಜಪ್ಪ ಎಫ್.ಎ. ಮುಗಿಸಿದ, ಆಮೇಲೆ ಬಿ.ಎ.ಯನ್ನೂ ಮುಗಿಸಿದ. ಆದರೆ ನಾನು ಇಷ್ಟನ್ನೆಲ್ಲ ಬರೆದದ್ದು ಅದಕ್ಕಲ್ಲ. ಆವತ್ತು ಅಮಲ್ದಾರರು ರುಜು ಹಾಕಿ ಮಸಿ ಆರಲೆಂದು ಊದುತ್ತಿದ್ದಾಗ ಸಿದ್ದಮ್ಮ ಆಡಿದ ಒಂದು ಮಾತಿಗಾಗಿ. ಆಕೆ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಬಗ್ಗಿ ನಿಂತಳು.

"ಸಾ, ಒಂದ್ ಮಾತು ನಡ್ಸಿಕೊಡಿ. ಆ ಕಾಗ್ದವ ನನ್ ಮಗುಂಗೆ ತೋರಿಸ್ಬ್ಯಾಡಿ. ನಾವ್ ಬಡವ್ರು ಅಂತ ಅವುಂಗೆ ಗೊತ್ತಿಲ್ಲ. ಗೊತ್ತಾಗ್ದಂಗೇ ಸಾಕಿವ್ನಿ."

ಅಮಲ್ದಾರರ ಮಂಡಿಯ ಮೇಲೆ, ಅವರು ಬರೆದ ಹಾಳೆಯ ಪಕ್ಕದಲ್ಲೇ, ನಂಜಪ್ಪ ಕೈಯಾರೆ ಬರೆದ ಅರ್ಜಿ ಬಿಚ್ಚಿಕೊಂಡಿತ್ತು. ಅವರು ಅದನ್ನು ಗಬಕ್ಕನೆ ಮಗುಚಿ ಹಾಕಿ ಮೇಲೆ ಅಂಗೈ ಒತ್ತಿದರು. ಅದು ಇಂಗ್ಲಿಷಿನಲ್ಲಿತ್ತು. ಸಿದ್ದಮ್ಮನಿಗೆ ಕನ್ನಡದ ಅಕ್ಷರವೂ ಬರುತ್ತಿರಲಿಲ್ಲ. ಅದು ಅವರಿಗೆ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು.

"ಇಲ್ಲ ತಾಯಿ, ತೋರಿಸೋದಿಲ್ಲ" ಎಂದರು.